ನೆಟ್ಟ ಮರ ನನ್ನದೇ? ಕಡಿಯುವ ಹಕ್ಕೂ ನನ್ನದೇ?

ಪ್ರಶ್ನೆ: ನಮ್ಮದು ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕು. ಒಟ್ಟು ಐದು ಎಕರೆ ಜಮೀನಿದೆ. ಮೂರು ಎಕರೆ ತಾತನ ಕಾಲದ ಹಿಡುವಳಿ, ಉಳಿದೆರಡು ಎಕರೆ ಎಂಬತ್ತರ ದಶಕದಲ್ಲಿ ತಂದೆಯವರಿಗೆ ದರಖಾಸ್ತಿನಲ್ಲಿ (ಸರ್ಕಾರಿ ಜಮೀನಿಗೆ ಅರ್ಜಿ ಹಾಕಿ) ಮಂಜೂರಾದದ್ದು. ತಂದೆ ತೀರಿಕೊಂಡು ಆರು ವರ್ಷವಾಯಿತು, ಪಹಣಿ ಇನ್ನೂ ಅವರ ಹೆಸರಿನಲ್ಲೇ ಇದೆ. ಹೊಗೆಸೊಪ್ಪು ಬೆಳೆದು, ಸೊಪ್ಪು ಹದಮಾಡುವ ಬ್ಯಾರನ್ನಿಗೆ ಸೌದೆ ಹೊಂದಿಸಿ ಸಾಕಾಗಿದೆ. ಬದುಗಳ ಮೇಲೆ ಸಿಲ್ವರ್ ಓಕ್ ಮತ್ತು ತೇಗ, ಒಂದು ಎಕರೆಯಲ್ಲಿ ಶ್ರೀಗಂಧ ಹಾಕಿ, ನಡುವೆ ರಾಗಿ, ತೊಗರಿ ಮಾಡಬೇಕೆಂದಿದ್ದೇನೆ. ಆದರೆ ಊರಿನಲ್ಲಿ ಒಬ್ಬರು ‘ಮರ ಹೆಚ್ಚಾದರೆ ಜಮೀನು ಅರಣ್ಯ ಇಲಾಖೆಗೆ ಹೋಗುತ್ತದೆ’ ಎನ್ನುತ್ತಾರೆ, ಇನ್ನೊಬ್ಬರು ‘ತೇಗ ಯಾರ ಜಮೀನಿನಲ್ಲಿದ್ದರೂ ಸರ್ಕಾರದ್ದೇ’ ಎನ್ನುತ್ತಾರೆ, ಮತ್ತೊಬ್ಬರು ‘ಗಂಧ ಬೆಳೆದವನೇ ಜೈಲಿಗೆ ಹೋಗುವುದು’ ಎಂದು ಹೆದರಿಸುತ್ತಾರೆ. ಇದರ ನಡುವೆ ಮರದ ವ್ಯಾಪಾರಿಯೊಬ್ಬರು ದರಖಾಸ್ತು ಜಮೀನಿನಲ್ಲಿರುವ ಹಳೆಯ ಬೀಟೆ ಮರ ಮತ್ತು ಎರಡು ಹಲಸಿನ ಮರಗಳಿಗೆ ಕೈಮೇಲೆ ದುಡ್ಡು ಕೊಡುತ್ತೇನೆ, ಪರ್ಮಿಷನ್ ಎಲ್ಲ ನಾನೇ ನೋಡಿಕೊಳ್ಳುತ್ತೇನೆ, ನೀವು ಸಹಿ ಹಾಕಿದರೆ ಸಾಕು ಎನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆಗಳಿದ್ದರೂ ಅವೆಲ್ಲದರ ಬುಡದಲ್ಲಿರುವ ಆತಂಕ ಒಂದೇ. ಇಂದು ಸ್ವಂತ ದುಡ್ಡು ಹಾಕಿ ನೆಟ್ಟ ಮರವನ್ನು ಹದಿನೈದು, ಇಪ್ಪತ್ತು ವರ್ಷಗಳ ಮೇಲೆ ನಾನೇ ಕಡಿದು, ನಾನೇ ಮಾರಿ, ಹಣವನ್ನು ನಾನೇ ಎಣಿಸಿಕೊಳ್ಳಬಹುದೇ ಎಂಬುದು ನಿಮ್ಮ ಆತಂಕ. ಬಹುಮಟ್ಟಿಗೆ ಹೌದು. ಆದರೆ ಈ ‘ಹೌದು’ ಮೂರು ಬಾಗಿಲು ದಾಟಿ ಬರಬೇಕು. ಮರ ಯಾರದ್ದು ಎಂಬುದನ್ನು ಕಂದಾಯ ದಾಖಲೆಗಳು ತೀರ್ಮಾನಿಸುತ್ತವೆ. ಅದನ್ನು ಕಡಿಯಬಹುದೇ ಎಂಬುದನ್ನು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಕಡಿದ ನಾಟಾವನ್ನು ಜಮೀನಿನಿಂದ ಹೊರಗೆ ಸಾಗಿಸುವ ವಿಚಾರ 1963ರ ಕರ್ನಾಟಕ ಅರಣ್ಯ ಕಾಯ್ದೆ ಮತ್ತು 1969ರ ಅರಣ್ಯ ನಿಯಮಗಳಿಗೆ ಸೇರಿದ್ದು. ಊರ ಕಟ್ಟೆಯ ಮೇಲೆ ಈ ಮೂರನ್ನೂ ಕಲಸಿ ಒಂದೇ ಮುದ್ದೆ ಮಾಡುವುದರಿಂದಲೇ ನಿಮ್ಮ ಕಿವಿಗೆ ಬಿದ್ದಂಥ ಮಾತುಗಳು ಹುಟ್ಟುತ್ತವೆ. ವಲಯ ಅರಣ್ಯ ಕಚೇರಿಗಳಲ್ಲಿ ಬಹಳ ವರ್ಷ ಇಂಥ ಅರ್ಜಿಗಳನ್ನೇ ನೋಡುತ್ತ ಬಂದವನಾಗಿ ಹೇಳುವುದಾದರೆ, ಕಾನೂನು ಅಡ್ಡ ಬಂದು ನಿಂತ ಕಡತಗಳಿಗಿಂತ ಕಾಗದ ಸರಿಯಿಲ್ಲದೆ ನಿಂತ ಕಡತಗಳೇ ನನ್ನ ಮೇಜಿನ ಮೇಲೆ ಹೆಚ್ಚಾಗಿ ಕೂತಿದ್ದವು.

ಮೊದಲು ದೊಡ್ಡ ಭಯದಿಂದಲೇ ಆರಂಭಿಸುತ್ತೇನೆ. ಮರ ಹೆಚ್ಚಾದರೆ ಜಮೀನು ಅರಣ್ಯವಾಗುತ್ತದೆ ಎಂಬ ಮಾತಿಗೆ ಒಂದು ಬೇರಿದೆ. 1996ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟ್ ಗೋದಾವರ್ಮನ್ ಪ್ರಕರಣದಲ್ಲಿ, ಮಾಲೀಕತ್ವ ಯಾರದ್ದೇ ಆಗಿರಲಿ, ನಿಘಂಟಿನ ಅರ್ಥದಲ್ಲಿ ಅರಣ್ಯವೆನಿಸುವ ಭೂಮಿಗೆಲ್ಲ, ಕೇಂದ್ರದ ಒಪ್ಪಿಗೆಯಿಲ್ಲದೆ ಅರಣ್ಯವನ್ನು ಬೇರೆ ಬಳಕೆಗೆ ಬಿಡದ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ ಎಂದಿತು. ಆ ಬಳಿಕ ನಮ್ಮ ರಾಜ್ಯದಲ್ಲಿ ಸುಮಾರು 9.94 ಲಕ್ಷ ಹೆಕ್ಟೇರನ್ನು ಡೀಮ್ಡ್ ಅರಣ್ಯವೆಂದು (ಅಧಿಸೂಚನೆಯಾಗದಿದ್ದರೂ ಅರಣ್ಯವೆಂದೇ ಪರಿಗಣಿಸುವ ಭೂಮಿಯೆಂದು) ಗುರುತಿಸಿದ್ದು, ಅದನ್ನು ಮತ್ತೆ ಪರಿಶೀಲಿಸಿ 2022ರಲ್ಲಿ ಸುಮಾರು 3.30 ಲಕ್ಷ ಹೆಕ್ಟೇರಿಗೆ ಇಳಿಸಿದ್ದು ನಿಮಗೂ ನೆನಪಿರಬಹುದು. ಹಳ್ಳಿಗಳಲ್ಲಿ ಈ ಗೊಂದಲ ಎದ್ದಾಗ ಜನ ಕಲಿತ ಪಾಠವೆಂದರೆ ಮರ ಬೆಳೆಸಬಾರದು ಎಂಬುದು. ಅದು ತಪ್ಪು ಪಾಠ. ಆ ಪಟ್ಟಿಯ ವಿವಾದಗಳ ತಿರುಳು ತಾನೇ ತಾನಾಗಿ ಬೆಳೆದ ಕಾಡು, ಕುರುಚಲು, ಕಂದಾಯ ಭೂಮಿಯ ಹಳೆಯ ಮರಗುಂಪುಗಳಿಗೆ ಸಂಬಂಧಿಸಿದ್ದು. ರೈತ ಗುಂಡಿ ತೆಗೆದು, ಸಾಲು ಹಿಡಿದು ನೆಟ್ಟ ತೋಪಿನ ಪ್ರಶ್ನೆಯೇ ಬೇರೆ. 2023ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆಗೆ ಆದ ತಿದ್ದುಪಡಿ ಇದನ್ನು ಬಾಯಿಬಿಟ್ಟು ಹೇಳಿದೆ: ಅರಣ್ಯವೆಂದು ಅಧಿಸೂಚನೆಯಾಗಲಿ ಸರ್ಕಾರಿ ದಾಖಲೆಯಲ್ಲಿ ನಮೂದಾಗಲಿ ಇಲ್ಲದ ಜಮೀನಿನಲ್ಲಿ ಬೆಳೆಸಿದ ಮರ ಮತ್ತು ನೆಡುತೋಪುಗಳಿಗೆ ಕಾಯ್ದೆ ಅನ್ವಯಿಸುವುದಿಲ್ಲ. ಆ ತಿದ್ದುಪಡಿಯನ್ನು ಪ್ರಶ್ನಿಸಿದ ಅರ್ಜಿಗಳಲ್ಲಿ ಸುಪ್ರೀಂ ಕೋರ್ಟ್ 2024ರ ಫೆಬ್ರವರಿಯಲ್ಲಿ ನೀಡಿದ ಮಧ್ಯಂತರ ಆದೇಶ 1996ರ ನಿಘಂಟಿನ ಅರ್ಥವನ್ನೇ ಪಾಲಿಸಿಕೊಂಡು ಬರಬೇಕೆಂದು ರಾಜ್ಯಗಳಿಗೆ ಸೂಚಿಸಿತು. ಆದ್ದರಿಂದ ದಟ್ಟವಾದ ಸಹಜ ಕಾಡಿರುವ ಖಾಸಗಿ ಜಮೀನಿನ ಮಾಲೀಕರು ಎಚ್ಚರದಿಂದಿರಬೇಕು. ನೀವು ಇಷ್ಟು ವರ್ಷ ಹೊಗೆಸೊಪ್ಪು ಬೆಳೆದ ಉಳುಮೆ ಭೂಮಿ ಆ ಗುಂಪಿಗೆ ಸೇರುವುದಿಲ್ಲ.

ನಿಜವಾದ ಅಪಾಯ ಇರುವುದು ಇನ್ನೊಂದು ಕಡೆ, ಅದನ್ನು ಯಾರೂ ಕೇಳುವುದಿಲ್ಲ. ಹಾಸನ, ಚಿಕ್ಕಮಗಳೂರು, ಶಿವಮೊಗ್ಗ ಜಿಲ್ಲೆಗಳಲ್ಲಿ ಕಂದಾಯ ಇಲಾಖೆ ದರಖಾಸ್ತಿನಲ್ಲಿ ಮಂಜೂರು ಮಾಡಿದ ಎಷ್ಟೋ ಜಮೀನುಗಳು ಅದಾಗಲೇ 1963ರ ಅರಣ್ಯ ಕಾಯ್ದೆಯ 4ನೇ ಸೆಕ್ಷನ್ ಅಡಿ ಪ್ರಾಥಮಿಕ ಅಧಿಸೂಚನೆ ಹೊರಟ ಸರ್ವೆ ನಂಬರುಗಳಲ್ಲಿವೆ. ಕಂದಾಯದವರ ಪುಸ್ತಕದಲ್ಲಿ ಅದು ರೈತನ ಜಮೀನು, ಅರಣ್ಯದವರ ಪುಸ್ತಕದಲ್ಲಿ 17ನೇ ಸೆಕ್ಷನ್‌ನ ಅಂತಿಮ ಘೋಷಣೆಗೆ ಕಾದಿರುವ ಕಾಡು. ಅಂಥ ಸರ್ವೆ ನಂಬರಿನಲ್ಲಿ ನೀವು ಮರ ಹಾಕಿದರೂ ತೊಡಕು, ರಾಗಿ ಹಾಕಿದರೂ ತೊಡಕು. ಮರಕ್ಕೂ ಅದಕ್ಕೂ ಸಂಬಂಧವಿಲ್ಲ, ಆದರೆ ಮರ ಕಡಿಯಲು ಅರ್ಜಿ ಹಾಕಿದ ದಿನ ಅದು ಮೊದಲ ಬಾರಿಗೆ ಬೆಳಕಿಗೆ ಬರುತ್ತದೆ, ಜನ ಮರವನ್ನು ದೂರುತ್ತಾರೆ. ಆದ್ದರಿಂದ ಸಸಿ ಕೊಳ್ಳುವ ಮೊದಲು ನಿಮ್ಮ ಆ ಎರಡು ಎಕರೆಯ ಸರ್ವೆ ನಂಬರು ಯಾವುದಾದರೂ ಅರಣ್ಯ ಅಧಿಸೂಚನೆಯಲ್ಲಿ ಅಥವಾ ಡೀಮ್ಡ್ ಅರಣ್ಯದ ಪಟ್ಟಿಯಲ್ಲಿ ಇದೆಯೇ ಎಂದು ವಲಯ ಅರಣ್ಯ ಕಚೇರಿಗೆ ಲಿಖಿತ ಅರ್ಜಿ ಕೊಟ್ಟು, ಲಿಖಿತ ಉತ್ತರವನ್ನೇ ಪಡೆದುಕೊಳ್ಳಿ.

ಇನ್ನು ಮರ ಯಾರದ್ದು ಎಂಬ ವಿಚಾರ. ನಿಮ್ಮ ಮೂರು ಎಕರೆ ಹಿಡುವಳಿಯಲ್ಲಿ ನೀವು ನೆಟ್ಟ ಮರ ನಿಮ್ಮದೇ, ತೇಗವಾಗಲಿ ಹೊನ್ನೆಯಾಗಲಿ. ‘ತೇಗ ಸರ್ಕಾರದ್ದು’ ಎಂಬ ಮಾತು ಎಲ್ಲಿಂದ ಬಂತೆಂದರೆ, ಹಿಂದಿನ ಭೂ ಮಂಜೂರಾತಿಗಳಲ್ಲಿ ಮತ್ತು ಸರ್ವೆ ವ್ಯವಸ್ಥೆಯ ಕಾಲದಲ್ಲಿ ಬೆಲೆಬಾಳುವ ಜಾತಿಗಳನ್ನು ಸರ್ಕಾರ ತನಗೆಂದು ಕಾಯ್ದಿರಿಸಿಕೊಳ್ಳುತ್ತಿತ್ತು. ಜಮೀನು ರೈತನಿಗೆ, ಅದರ ಮೇಲಿನ ಬೀಟೆ, ತೇಗ, ಗಂಧ ಸರ್ಕಾರಕ್ಕೆ ಎಂಬ ಏರ್ಪಾಡು ಅದು. ಮಂಜೂರಾತಿಯ ಹೊತ್ತಿನಲ್ಲಿ ಮರದ ಮೌಲ್ಯ ಕಟ್ಟಿ ಪಡೆದಿದ್ದರೆ ಅದು ಮಾಲ್ಕಿ ಮರ, ಕಟ್ಟದಿದ್ದರೆ ಮರದ ಒಡೆತನ ಸರ್ಕಾರದಲ್ಲೇ ಉಳಿದಿರುವ ಸಂಭವ ಹೆಚ್ಚು. ಪಕ್ಕದ ಕೊಡಗಿನಲ್ಲಿ ಇಂದಿಗೂ ಗದ್ದೆಗೆ ಸೇರಿದ ಬಾಣೆ ಜಮೀನುಗಳನ್ನು ‘ರಿಡೀಮ್ಡ್’ (ಮರದ ಮೌಲ್ಯ ಕಟ್ಟಿದ್ದು) ಮತ್ತು ‘ಅನ್‌ರಿಡೀಮ್ಡ್’ (ಕಟ್ಟದ್ದು) ಎಂದು ವಿಂಗಡಿಸುವುದು ಇದೇ ಕಾರಣಕ್ಕೆ. ಹಾಗಾಗಿ ನಿಮ್ಮ ದರಖಾಸ್ತು ಜಮೀನಿನ ಹಳೆಯ ಬೀಟೆಯ ಭವಿಷ್ಯ ನಿಮ್ಮ ತಂದೆಯವರ ಸಾಗುವಳಿ ಚೀಟಿ ಮತ್ತು ಮಂಜೂರಾತಿ ಆದೇಶದ ಷರತ್ತುಗಳಲ್ಲಿ ಬರೆದಿದೆ. ಅದರ ನಕಲನ್ನು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಿಂದ ತೆಗೆಸಿ ಓದದೆ ಆ ಮರದ ವಿಚಾರದಲ್ಲಿ ಯಾರಿಗೂ ಮಾತು ಕೊಡಬೇಡಿ. ಅದೇ ಜಮೀನಿನಲ್ಲಿ ಮಂಜೂರಾತಿಯ ನಂತರ ನೀವು ನೆಡುವ ಗಿಡಕ್ಕೆ ಈ ತೊಡಕಿಲ್ಲ, ಆದರೆ ಇಪ್ಪತ್ತು ವರ್ಷಗಳ ಮೇಲೆ ಬರುವ ಅಧಿಕಾರಿಗೆ ಯಾವುದು ಮೊದಲೇ ಇದ್ದ ಮರ, ಯಾವುದು ನೀವು ನೆಟ್ಟದ್ದು ಎಂದು ತಿಳಿಯಬೇಕಲ್ಲ, ಅದಕ್ಕೆ ಪುರಾವೆ ಬೇಕು.

ಪಹಣಿಯಲ್ಲಿ ಖರಾಬಿನ ಲೆಕ್ಕವನ್ನೂ ಒಮ್ಮೆ ನೋಡಿಕೊಳ್ಳಿ. ‘ಅ’ ಖರಾಬು ಕೃಷಿಗೆ ಯೋಗ್ಯವಲ್ಲವೆಂದು ಕಂದಾಯದಿಂದ ಬಿಟ್ಟ ನಿಮ್ಮದೇ ಭಾಗ. ‘ಬ’ ಖರಾಬು ಹಳ್ಳ, ದಾರಿ, ಕೆರೆ ಅಂಗಳದಂಥ ಸಾರ್ವಜನಿಕ ಭಾಗ. ರೈತರು ಸಹಜವಾಗಿ ಮರ ನೆಡುವುದು ಹಳ್ಳದ ಅಂಚಿನಲ್ಲಿ, ಬಂಡಿದಾರಿಯ ಪಕ್ಕದಲ್ಲಿ. ಹತ್ತು ಗುಂಟೆ ‘ಬ’ ಖರಾಬಿನಲ್ಲಿ ಸಾಲಾಗಿ ನಿಂತ ಸೊಗಸಾದ ಸಿಲ್ವರ್ ಓಕ್ ಮರಗಳು ಸರ್ಕಾರದ ಲೆಕ್ಕಕ್ಕೆ ಹೋದದ್ದನ್ನು ನಾನೇ ಮಹಜರಿನಲ್ಲಿ ಬರೆಸಿದ್ದೇನೆ. ನೆಟ್ಟವರು ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ನೆಡುವ ಮೊದಲು ಹದ್ದುಬಸ್ತಿಗೆ, ಅಂದರೆ ಜಮೀನಿನ ಗಡಿ ಅಳತೆಗೆ, ಅರ್ಜಿ ಹಾಕಿ ಕಲ್ಲು ಗುರುತಿಸಿಕೊಂಡಿದ್ದರೆ ಆ ಸಾಲು ಆರು ಅಡಿ ಈಚೆಗೆ ಬಂದಿರುತ್ತಿತ್ತು.

ಕಡಿಯುವ ಅನುಮತಿಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. 1976ರ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ವೃಕ್ಷಾಧಿಕಾರಿಯ ಅನುಮತಿಯಿಲ್ಲದೆ ಸ್ವಂತ ಜಮೀನಿನ ಮರವನ್ನೂ ಕಡಿಯುವಂತಿಲ್ಲ. ಹಾಗೆಂದು ಅನುಮತಿ ಅಧಿಕಾರಿಯ ಮರ್ಜಿಗೆ ಬಿಟ್ಟದ್ದೂ ಅಲ್ಲ. ಒಣಗಿದ, ರೋಗ ಬಂದ, ಗಾಳಿಗೆ ಉರುಳಿದ ಮರ, ಜೀವಕ್ಕೋ ಆಸ್ತಿಗೋ ಅಪಾಯ ತರುವ ಮರ, ಕಡಿದಾದ ಇಳಿಜಾರಿನಲ್ಲಿ ಇಲ್ಲದ, ಬೆಳೆದು ಬಲಿತ ಮರ, ಹಳ್ಳಿಯ ಮನೆಬಳಕೆಗೆ ಅಥವಾ ಬೇಸಾಯಕ್ಕೆ ಸೌದೆ, ನಾಟಾ ಬೇಕಾದ ಸಂದರ್ಭ, ಇವೆಲ್ಲ ಅನುಮತಿ ಕೊಡಲು ಕಾಯ್ದೆಯೇ ಹೇಳಿರುವ ಕಾರಣಗಳು. ನಿಮ್ಮ ಅರ್ಜಿಯಲ್ಲಿ ಇವುಗಳಲ್ಲಿ ಯಾವುದು ಅನ್ವಯಿಸುತ್ತದೆ ಎಂದು ಸ್ಪಷ್ಟವಾಗಿ ಬರೆದರೆ ಅರ್ಧ ಕೆಲಸ ಮುಗಿದಂತೆ. ‘ಮರ ಕಡಿಯಲು ಅನುಮತಿ ಕೋರಿ’ ಎಂದು ಒಂದೇ ಸಾಲು ಬರೆದ ಅರ್ಜಿಗಳೇ ಹಿಂದಕ್ಕೆ ಬರುವುದು. ನಿರಾಕರಿಸಿದರೆ ಅದನ್ನು ಕಾರಣ ಸಹಿತ ಬರಹದಲ್ಲಿ ಪಡೆಯಿರಿ, ಏಕೆಂದರೆ ಮೇಲ್ಮನವಿಗೆ ಅವಕಾಶವಿದೆ ಮತ್ತು ಬಾಯಿಮಾತಿನ ನಿರಾಕರಣೆಯ ಮೇಲೆ ಮೇಲ್ಮನವಿ ಹಾಕಲಾಗುವುದಿಲ್ಲ. ಕಡಿದ ಜಾಗದಲ್ಲಿ ಬದಲಿ ಸಸಿ ನೆಡುವ ಹೊಣೆಯನ್ನೂ ಕಾಯ್ದೆ ಹೊರಿಸುತ್ತದೆ.

ಸ್ಥಳ ಪರಿಶೀಲನೆ ಹೇಗೆ ನಡೆಯುತ್ತದೆ ಎಂದು ತಿಳಿದಿದ್ದರೆ ಅಳುಕು ಕಡಿಮೆಯಾಗುತ್ತದೆ. ಸಿಬ್ಬಂದಿ ಟೇಪು ಹಿಡಿದು ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಅಂದರೆ ಎದೆಮಟ್ಟದಲ್ಲಿ, ಪ್ರತಿ ಮರದ ಸುತ್ತಳತೆ ತೆಗೆಯುತ್ತಾರೆ. ಇಳಿಜಾರಿದ್ದರೆ ಅಳತೆ ಮೇಲ್ಬದಿಯಿಂದ. ಬೊಡ್ಡೆಯ ಮೇಲೆ ಅಂಗೈಯಗಲ ತೊಗಟೆ ಕೆತ್ತಿ ಡಾಂಬರಿನಲ್ಲಿ ಅನುಕ್ರಮ ಸಂಖ್ಯೆ ಬರೆಯುತ್ತಾರೆ. ಜಾತಿ, ಸುತ್ತಳತೆ, ಎತ್ತರ ಪಟ್ಟಿಯಲ್ಲಿ ಸೇರುತ್ತವೆ. ಕಡಿದ ಮೇಲೆ ದಿಮ್ಮಿಯ ತುದಿಗೂ ಬುಡದ ಕೊರಡಿಗೂ ಇಲಾಖೆಯ ಸುತ್ತಿಗೆ ಮುದ್ರೆ ಬೀಳುತ್ತದೆ. ಪಟ್ಟಿಯಲ್ಲಿ 14ನೇ ನಂಬರಿನ ಮರ ಎಂದಿದ್ದರೆ ಲಾರಿಯಲ್ಲಿ ಆ ನಂಬರಿನ ದಿಮ್ಮಿ, ಜಮೀನಿನಲ್ಲಿ ಆ ನಂಬರಿನ ಕೊರಡು, ಎರಡೂ ತಾಳೆಯಾಗಬೇಕು. ಅದಕ್ಕೇ ಜಮೀನು ಹಸನು ಮಾಡುವ ಅವಸರದಲ್ಲಿ ಕೊರಡು ಕಿತ್ತು ಸುಡಬಾರದು. ಪರಿಶೀಲನೆಯ ದಿನ ನೀವು ಜೊತೆಗಿದ್ದು ಪಟ್ಟಿಯ ನಕಲು ಪಡೆದುಕೊಂಡರೆ ಮುಂದೆ ಲೆಕ್ಕ ವ್ಯತ್ಯಾಸದ ಮಾತೇ ಬರುವುದಿಲ್ಲ.

ಎಲ್ಲ ಮರಕ್ಕೂ ಈ ಸುತ್ತಾಟ ಬೇಕಿಲ್ಲ. ತೆಂಗು, ರಬ್ಬರ್, ಸರ್ವೆ ಮರ, ಸಿಲ್ವರ್ ಓಕ್, ಸುಬಾಬುಲ್, ಗ್ಲಿರಿಸಿಡಿಯಾ, ನೀಲಗಿರಿ ಮುಂತಾದವನ್ನು ಕಾಯ್ದೆಯೇ ಅನುಮತಿಯ ಅಗತ್ಯದಿಂದ ಹೊರಗಿಟ್ಟಿದೆ. ಈ ಪಟ್ಟಿ ತಿದ್ದುಪಡಿಗಳ ಮೂಲಕ ಬೆಳೆಯುತ್ತ ಬಂದಿರುವುದರಿಂದ ನೀವು ಆರಿಸಿಕೊಂಡ ಜಾತಿ ಇಂದಿನ ಪಟ್ಟಿಯಲ್ಲಿದೆಯೇ ಎಂದು ನೆಡುವ ವರ್ಷ ಒಮ್ಮೆ, ಕಡಿಯುವ ವರ್ಷ ಇನ್ನೊಮ್ಮೆ ನೋಡಬೇಕು. ಇಲ್ಲೊಂದು ವಿಚಿತ್ರವನ್ನೂ ಹೇಳಿಬಿಡುತ್ತೇನೆ. ನೀಲಗಿರಿ ಕಡಿಯಲು ಅನುಮತಿ ಬೇಡ, ಆದರೆ 2017ರಲ್ಲಿ ಹೊರಟ ಸರ್ಕಾರಿ ಆದೇಶದಂತೆ ಹೊಸದಾಗಿ ನೀಲಗಿರಿ ನೆಡುವುದೇ ನಿಷಿದ್ಧ. ಕಡಿಯುವುದಕ್ಕೆ ಒಂದು ನಿಯಮ, ನೆಡುವುದಕ್ಕೆ ಇನ್ನೊಂದು. ಬ್ಯಾರನ್ನಿನ ಸೌದೆಗೆಂದು ನೀಲಗಿರಿಯ ಯೋಚನೆ ನಿಮಗೇನಾದರೂ ಇದ್ದರೆ ಅದನ್ನು ಕೈಬಿಡಿ.

ಈ ವಿನಾಯಿತಿ ಪಟ್ಟಿಯ ಬಗ್ಗೆ ನನಗೆ ವೈಯಕ್ತಿಕವಾಗಿ ಒಂದು ಬೇಸರವಿದೆ. ಹಲಸು, ಹೊನ್ನೆ, ಮತ್ತಿ, ನೇರಳೆಯಂಥ ನಮ್ಮ ನೆಲದ ಮರಗಳಿಗೆ ಅನುಮತಿಯ ಹೊರೆ, ಹೊರಗಿನಿಂದ ಬಂದ ಸಿಲ್ವರ್ ಓಕ್‌ಗೆ ಮುಕ್ತ ದಾರಿ ಎಂದಾದಾಗ ರೈತ ಯಾವುದನ್ನು ನೆಡುತ್ತಾನೆ ಎಂದು ಹೇಳಬೇಕಾಗಿಲ್ಲ. ಕಾಪಾಡುವ ಉದ್ದೇಶದಿಂದ ಬಂದ ನಿಯಮವೇ ಕಾಫಿ ಸೀಮೆಯ ನೆರಳಿನ ಬಣ್ಣವನ್ನು ಬದಲಿಸಿದೆ. ನಿಮ್ಮ ಬದುವಿನಲ್ಲಿ ನಾಲ್ಕೇ ನಾಲ್ಕು ಹಲಸಿಗೆ ಜಾಗವಿಟ್ಟರೆ ನನಗೆ ಸಂತೋಷ, ಆದರೆ ಅವುಗಳನ್ನು ಕಡಿಯುವ ದಿನ ಅರ್ಜಿ ಬರೆಯಬೇಕಾಗುತ್ತದೆ ಎಂಬುದನ್ನು ಮುಚ್ಚಿಟ್ಟು ಹೇಳಲಾರೆ.

ಮೂರನೆಯ ಬಾಗಿಲು ಸಾಗಣೆಯದು. ಅತ್ಯಂತ ಹೆಚ್ಚು ರೈತರು ಎಡವುವುದು ಇಲ್ಲಿ. ಕಡಿಯಲು ವಿನಾಯಿತಿ ಇದೆ ಎಂದ ಮಾತ್ರಕ್ಕೆ ಸಾಗಿಸಲು ವಿನಾಯಿತಿ ಇದೆ ಎಂದರ್ಥವಲ್ಲ. ಎರಡರ ಪಟ್ಟಿಗಳು ಬೇರೆ ಬೇರೆ ಕಾನೂನಿನಿಂದ ಹುಟ್ಟಿದವು. ನಾಟಾ ರಸ್ತೆಗೆ ಬಂದ ಕೂಡಲೇ ಅದು ಅರಣ್ಯೋತ್ಪನ್ನ, ಪರವಾನಗಿ ಬೇಕಾದ ಜಾತಿಯದ್ದಾಗಿದ್ದು ರಹದಾರಿ (ಪಾಸ್) ಇಲ್ಲದಿದ್ದರೆ ಮಾಲಿನ ಜೊತೆಗೆ ಸಾಗಿಸಿದ ವಾಹನವೂ ಜಪ್ತಿಯಾಗುತ್ತದೆ, 71-ಎ ಸೆಕ್ಷನ್ ಅಡಿ ಮುಟ್ಟುಗೋಲಿನವರೆಗೂ ಹೋಗಬಹುದು. ಬಾಡಿಗೆ ಟ್ರ್ಯಾಕ್ಟರಿನವರು ಪಾಸ್ ಎಲ್ಲಿ ಎಂದು ಮೊದಲು ಕೇಳುವುದು ಅದಕ್ಕೇ. ಪಾಸಿನಲ್ಲಿ ಬರೆದ ದಿನಾಂಕ, ಮಾರ್ಗ, ವಾಹನದ ನಂಬರು, ದಿಮ್ಮಿಗಳ ಸಂಖ್ಯೆ ಇವುಗಳಲ್ಲಿ ಒಂದು ತಪ್ಪಿದರೂ ಪಾಸ್ ಇದ್ದೂ ಇಲ್ಲದಂತೆ. ರಾಜ್ಯದ ಗಡಿ ದಾಟುವ ಮಾಲಿಗಾಗಿ ಕೇಂದ್ರ ಸರ್ಕಾರ 2023ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಸಾಗಣೆ ಪರವಾನಗಿ ವ್ಯವಸ್ಥೆಯನ್ನು ದೇಶವ್ಯಾಪಿಯಾಗಿ ಆರಂಭಿಸಿತು, ಅದರಲ್ಲಿ ಅರ್ಜಿ ಆನ್‌ಲೈನ್‌ನಲ್ಲೇ ಸಲ್ಲುತ್ತದೆ.

ಬಿದಿರಿನ ಬಗ್ಗೆ ನೀವು ಕೇಳಿಲ್ಲವಾದರೂ ಇದೇ ಜಾಗದಲ್ಲಿ ಒಂದು ಮಾತು. 2017ರಲ್ಲಿ ಬಿದಿರನ್ನು ಮರದ ವ್ಯಾಖ್ಯೆಯಿಂದ ತೆಗೆದರು ಎಂಬ ಸುದ್ದಿ ಎಲ್ಲರಿಗೂ ಗೊತ್ತು. ಆದರೆ ಆ ತಿದ್ದುಪಡಿ ಆದದ್ದು ಕೇಂದ್ರದ 1927ರ ಭಾರತೀಯ ಅರಣ್ಯ ಕಾಯ್ದೆಗೆ. ನಮ್ಮಲ್ಲಿ ನಡೆಯುವುದು ರಾಜ್ಯದ 1963ರ ಕಾಯ್ದೆ. ಆದ್ದರಿಂದ ಪತ್ರಿಕೆಯ ಆ ತುಣುಕನ್ನು ಜೇಬಿನಲ್ಲಿಟ್ಟುಕೊಂಡು ಲಾರಿ ಹತ್ತಿಸಬೇಡಿ, ಕಡಿಯುವ ಮೊದಲು ವಲಯ ಕಚೇರಿಯಲ್ಲಿ ಕೇಳಿ. ಇದೇ ಎಚ್ಚರಿಕೆ ಕೃಷಿ ಭೂಮಿಯ ಮರ ಕಟಾವಿಗೆ ಕೇಂದ್ರದ ಪರಿಸರ ಸಚಿವಾಲಯ 2025ರ ಜೂನ್‌ನಲ್ಲಿ ಹೊರಡಿಸಿದ ಮಾದರಿ ನಿಯಮಗಳಿಗೂ ಅನ್ವಯಿಸುತ್ತದೆ. ಅವು ರಾಜ್ಯಗಳಿಗೆ ಕೊಟ್ಟ ಮಾದರಿ. ರಾಜ್ಯ ಅಂಗೀಕರಿಸಿದ ಮೇಲಷ್ಟೇ ರೈತನ ಕೈಗೆ ಬರುವಂಥವು. ಆದರೂ ಅವುಗಳ ದಿಕ್ಕು ಗಮನಿಸಬೇಕಾದದ್ದು: ನೆಟ್ಟಾಗಲೇ ತೋಪನ್ನು ಜಮೀನಿನ ವಿವರದೊಂದಿಗೆ ನೋಂದಾಯಿಸಿಬಿಟ್ಟರೆ ಕಟಾವಿನ ದಾರಿ ಸುಲಭವಾಗಲಿ ಎಂಬುದು ಅವುಗಳ ಆಶಯ.

ಶ್ರೀಗಂಧದ ವಿಚಾರಕ್ಕೆ ಬರೋಣ. ‘ಬೆಳೆದವನೇ ಜೈಲಿಗೆ’ ಎಂಬ ಮಾತು ಒಂದು ಕಾಲಕ್ಕೆ ಪೂರ್ತಿ ಸುಳ್ಳಾಗಿರಲಿಲ್ಲ. ಟಿಪ್ಪು ಸುಲ್ತಾನ್ 1792ರಲ್ಲಿ ಗಂಧವನ್ನು ರಾಜವೃಕ್ಷವೆಂದು ಸಾರಿದಂದಿನಿಂದ ಎರಡು ಶತಮಾನಕ್ಕೂ ಹೆಚ್ಚು ಕಾಲ ಆ ಮರ ಯಾರ ಹೊಲದಲ್ಲಿ ಹುಟ್ಟಿದರೂ ಸರ್ಕಾರದ್ದಾಗಿತ್ತು. ಕಳುವಾದರೆ ಹೊಲದವನನ್ನೇ ವಿಚಾರಿಸುತ್ತಿದ್ದರು. ಹಕ್ಕಿ ಹಾಕಿದ ಬೀಜದಿಂದ ಬೇಲಿಯಲ್ಲಿ ಎದ್ದ ಗಂಧದ ಸಸಿಯನ್ನು ಹಿರಿಯರು ಕಂಡ ಕೂಡಲೇ ಚಿವುಟಿ ಎಸೆಯುತ್ತಿದ್ದುದು ಆ ಭಯದಿಂದ. 2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ ಜಮೀನಿನ ಮಾಲೀಕನೇ ಅದರಲ್ಲಿರುವ ಶ್ರೀಗಂಧದ ಮರದ ಒಡೆಯನೆಂದು ಕಾನೂನು ಒಪ್ಪಿಕೊಂಡಿತು. ಬೆಳೆಯುವುದಕ್ಕೆ ಇಂದು ಯಾರ ಅನುಮತಿಯೂ ಬೇಡ. ಕಡಿಯುವುದು, ಇಟ್ಟುಕೊಳ್ಳುವುದು, ಸಾಗಿಸುವುದು, ಮಾರುವುದು ಮಾತ್ರ ಇಂದಿಗೂ ಬಿಗಿ. ಮಾರಾಟ ಬಹುಕಾಲ ಅರಣ್ಯ ಇಲಾಖೆಗೆ ಮತ್ತು ಸರ್ಕಾರಿ ಸ್ವಾಮ್ಯದ ಸಂಸ್ಥೆಗಳಿಗೆ ಸೀಮಿತವಾಗಿತ್ತು, 2022ರ ರಾಜ್ಯ ಶ್ರೀಗಂಧ ನೀತಿ ಇದನ್ನು ಸಡಿಲಿಸುವ ದಿಕ್ಕಿನದು. ನಿಮ್ಮ ಮರ ಬಲಿಯುವ ಹೊತ್ತಿಗೆ ನಿಯಮ ಇನ್ನೊಮ್ಮೆ ಬದಲಾಗಿದ್ದರೂ ಆಶ್ಚರ್ಯವಿಲ್ಲ.

ಆದರೆ ಗಂಧದ ದೊಡ್ಡ ಗಂಡಾಂತರ ಕಾನೂನಲ್ಲ, ಕಳ್ಳತನ. ಗಂಧಕ್ಕೆ ಬೆಲೆ ಬರುವುದು ಚೇಗಿನಿಂದ, ಅಂದರೆ ಕಾಂಡದ ನಡುವಿನ ಗಟ್ಟಿ ತಿರುಳಿನಿಂದ, ಅದು ಕಟ್ಟಿಕೊಳ್ಳಲು ಹತ್ತು ವರ್ಷ ಬೇಕು, ಲಾಭದ ಕಟಾವಿಗೆ ಹದಿನೈದಾದರೂ ಆಗಬೇಕು. ಅಂದರೆ ಕೊನೆಯ ಐದಾರು ವರ್ಷ ನಿಮ್ಮ ಹೊಲದಲ್ಲಿ ರಾತ್ರಿ ಹಗಲು ಕಾಯಬೇಕಾದ ಒಡವೆ ನಿಂತಿರುತ್ತದೆ. ಕಳ್ಳರು ಮರಕ್ಕೆ ಸಣ್ಣ ರಂಧ್ರ ಕೊರೆದು ಚೇಗು ನೋಡಿ ಹೋಗುತ್ತಾರೆ, ಅಂಥ ಗುರುತು ಕಂಡ ದಿನವೇ ಪೊಲೀಸರಿಗೂ ಅರಣ್ಯ ಕಚೇರಿಗೂ ಲಿಖಿತವಾಗಿ ತಿಳಿಸಬೇಕು. ಕಟಾವಿನಲ್ಲಿಯೂ ಗಂಧವನ್ನು ಕಡಿಯುವುದಲ್ಲ, ಬೇರು ಸಹಿತ ಕೀಳುವುದು, ಎಣ್ಣೆ ಬೇರಿನಲ್ಲೂ ಇರುತ್ತದೆ. ನೀವು ತೋಟದ ಮನೆಯಲ್ಲಿ ವಾಸವಿದ್ದರೆ ಒಂದು ಎಕರೆ ಹಾಕಿ, ಊರೊಳಗೆ ಮನೆ ಮಾಡಿಕೊಂಡು ಹೊಲ ಎರಡು ಕಿಲೋಮೀಟರ್ ದೂರದಲ್ಲಿದ್ದರೆ ನಾನಂತೂ ಬೇಡ ಎನ್ನುತ್ತೇನೆ. ಹಾಕುವುದಾದರೆ ನಿಮ್ಮ ತೊಗರಿಯ ಯೋಚನೆ ಒಳ್ಳೆಯದು. ಗಂಧ ಅರೆ ಪರಾವಲಂಬಿ, ಪಕ್ಕದ ಗಿಡದ ಬೇರಿನಿಂದ ಹೀರಿ ಬದುಕುತ್ತದೆ. ಮೊದಲ ವರ್ಷಗಳಿಗೆ ತೊಗರಿ, ಮುಂದಕ್ಕೆ ಸರ್ವೆ ಅಥವಾ ಹೊಂಗೆಯಂಥ ಬಾಳಿಕೆಯ ಆಸರೆ ಗಿಡ ಇರಲೇಬೇಕು.

ತೇಗದ ಬಗ್ಗೆ ಕಾನೂನಿಗಿಂತ ಲೆಕ್ಕಾಚಾರದ ಎಚ್ಚರ ಹೇಳುತ್ತೇನೆ. ತೊಂಬತ್ತರ ದಶಕದಲ್ಲಿ ತೇಗದ ತೋಪಿನ ಹೆಸರಿನಲ್ಲಿ ಜನರಿಂದ ಹಣ ಎತ್ತಿದ ಕಂಪನಿಗಳ ಕಥೆ ಹೇಗೆ ಮುಗಿಯಿತೆಂದರೆ, 1999ರಲ್ಲಿ ಷೇರುಪೇಟೆ ನಿಯಂತ್ರಕ ಸಂಸ್ಥೆ ಸೆಬಿ ಇಂಥ ಸಾಮೂಹಿಕ ಹೂಡಿಕೆ ಯೋಜನೆಗಳಿಗೆ ಪ್ರತ್ಯೇಕ ನಿಯಮಾವಳಿಯನ್ನೇ ತಂದಿತು. ಬದುವಿನ ತೇಗ ಇಪ್ಪತ್ತು ವರ್ಷಕ್ಕೆ ಕೋಟಿ ತರುವುದಿಲ್ಲ. ಆದರೆ ಅದು 1976ರ ಕಾಯ್ದೆಯಡಿ ಅನುಮತಿ ಪಡೆದು, ಪಾಸ್ ತೆಗೆದು, ನ್ಯಾಯವಾಗಿ ಮಾರಬಹುದಾದ ನಿಮ್ಮ ಸ್ವಂತ ಮರ.

ಈಗ ಪುರಾವೆಯ ವಿಚಾರ. ಅದನ್ನು ನೆಡುವ ದಿನವೇ ಆರಂಭಿಸಬೇಕು, ಕಡಿಯುವ ವರ್ಷ ಹುಡುಕುವುದಲ್ಲ. ಸಸಿ ಕೊಂಡ ರಸೀದಿ, ನೆಟ್ಟ ವರ್ಷದ ಚಿತ್ರಗಳು, ಇವುಗಳನ್ನು ಒಂದು ಕಡತದಲ್ಲಿಡಿ. ಪಹಣಿಯಲ್ಲಿ ಮರಗಳಿಗೆಂದೇ ಒಂದು ಅಂಕಣವಿದೆ. ಹೆಚ್ಚಿನ ಪಹಣಿಗಳಲ್ಲಿ ಅದು ಖಾಲಿ ಬಿದ್ದಿರುತ್ತದೆ. ಗ್ರಾಮ ಆಡಳಿತ ಅಧಿಕಾರಿಗೆ ಅರ್ಜಿ ಕೊಟ್ಟು ಜಾತಿ ಮತ್ತು ಸಂಖ್ಯೆಯನ್ನು ಅಲ್ಲಿ ಸೇರಿಸಿ, ಬೆಳೆ ಸಮೀಕ್ಷೆಯಲ್ಲೂ ಬಿಡದೆ ನಮೂದಿಸಿ. ಶ್ರೀಗಂಧಕ್ಕಂತೂ ಈ ನಮೂದು ಇಲ್ಲದೆ ಮುಂದಿನ ಹೆಜ್ಜೆಗಳೇ ಇಲ್ಲ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಹೆಸರು ನೋಂದಾಯಿಸಿ ಸಸಿ ಪಡೆದರೆ ಬದುಕುಳಿದ ಪ್ರತಿ ಸಸಿಗೆ ಮೊದಲ ವರ್ಷ ₹35, ಎರಡನೆಯ ವರ್ಷ ₹40, ಮೂರನೆಯ ವರ್ಷ ₹50, ಒಟ್ಟು ₹125 ಪ್ರೋತ್ಸಾಹಧನವಿದೆ. ಎಲ್ಲ ಜಾತಿಗಳಿಗೂ ಇದು ಸಿಗುವುದಿಲ್ಲ, ನರ್ಸರಿಯಲ್ಲಿ ಕೇಳಿ ಆರಿಸಿಕೊಳ್ಳಿ. ಹಣ ಸಣ್ಣದೆನಿಸಬಹುದು, ಆದರೆ ವರ್ಷವರ್ಷ ಇಲಾಖೆಯವರೇ ಬಂದು ಸಸಿ ಎಣಿಸಿ ಬರೆದುಕೊಂಡು ಹೋಗುವ ದಾಖಲೆಗೆ ನಾನು ಆ ₹125ಕ್ಕಿಂತ ಹೆಚ್ಚು ಬೆಲೆ ಕಟ್ಟುತ್ತೇನೆ. ಆದಾಯ ತೆರಿಗೆಯಲ್ಲೂ ಇದೇ ಕಡತ ನೆರವಿಗೆ ಬರುತ್ತದೆ. ಉತ್ತು, ನೆಟ್ಟು, ಸಾಕಿದ ಮರದ ಆದಾಯ ಮಾತ್ರ ಕೃಷಿ ಆದಾಯ, ತಾನಾಗಿ ಹುಟ್ಟಿ ಬೆಳೆದದ್ದರ ಆದಾಯ ಹಾಗಲ್ಲ ಎಂದು ಸುಪ್ರೀಂ ಕೋರ್ಟ್ 1957ರಷ್ಟು ಹಿಂದೆಯೇ ಹೇಳಿದೆ.

ಇಷ್ಟೆಲ್ಲಕ್ಕೂ ಮುಂಚೆ ನಿಮ್ಮ ಮನೆಯದೇ ಒಂದು ಕೆಲಸ ಬಾಕಿಯಿದೆ. ತೀರಿಕೊಂಡವರ ಹೆಸರಿನ ಪಹಣಿಯ ಮೇಲೆ ಮರ ಕಡಿಯುವ ಅನುಮತಿಯಾಗಲಿ, ಪ್ರೋತ್ಸಾಹಧನವಾಗಲಿ ಸಿಗುವುದಿಲ್ಲ. ಪೌತಿ ಖಾತೆ ಮಾಡಿಸಿ, ಅಂದರೆ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸಿಕೊಳ್ಳಿ. ಅಣ್ಣತಮ್ಮಂದಿರು, ಅಕ್ಕತಂಗಿಯರು ಇದ್ದರೆ ಅವರ ಹೆಸರೂ ಸೇರಿ ಜಂಟಿ ಪಹಣಿಯಾಗುತ್ತದೆ, ಆಗ ಪ್ರತಿ ಕಟಾವಿಗೂ ಎಲ್ಲರ ಒಪ್ಪಿಗೆ ಬೇಕು. ಮರ ಸಣ್ಣದಿರುವಾಗ ಯಾರೂ ಪಾಲು ಕೇಳುವುದಿಲ್ಲ, ಸುತ್ತಳತೆ ಹೆಚ್ಚಿದಂತೆ ನೆಂಟಸ್ತಿಕೆಯೂ ಹೆಚ್ಚುತ್ತದೆ. ವಿಭಾಗವಾಗುವುದಿದ್ದರೆ ಗಿಡ ನೆಡುವ ಮೊದಲೇ ಆಗಿ, ನಿಮ್ಮ ಪಾಲನ್ನು ಅಳೆದು ಬೇರೆ ಮಾಡುವ ಪೋಡಿ ಮುಗಿಯಲಿ.

ವ್ಯಾಪಾರಿಯ ಮಾತಿಗೆ ನನ್ನ ಸಲಹೆ ನೇರವಾಗಿದೆ: ಖಾಲಿ ಅರ್ಜಿಗಾಗಲಿ ಒಪ್ಪಂದಕ್ಕಾಗಲಿ ಸಹಿ ಹಾಕಬೇಡಿ. ಅನುಮತಿ ನಿಮ್ಮ ಹೆಸರಿನಲ್ಲಿ ಬರುತ್ತದೆ, ಪಟ್ಟಿಗಿಂತ ಒಂದು ಮರ ಹೆಚ್ಚು ಬಿದ್ದರೆ ಮೊಕದ್ದಮೆಯೂ ನಿಮ್ಮ ಹೆಸರಿನಲ್ಲೇ ದಾಖಲಾಗುತ್ತದೆ. ಒಂದು ಜಮೀನಿಗೆ ಸಿಕ್ಕ ಅನುಮತಿಯ ನೆರಳಿನಲ್ಲಿ ಬೇರೆಡೆಯ ಬೀಟೆಯನ್ನು ಸೇರಿಸಿ ಸಾಗಿಸಲು ಹೊರಟ ಲಾರಿಗಳನ್ನು ನಾನು ಕಂಡಿದ್ದೇನೆ, ಜಮೀನಿನ ಮಾಲೀಕನಿಗೆ ಅದು ಗೊತ್ತಾದದ್ದು ಸಮನ್ಸ್ ಬಂದ ಮೇಲೆ. ಹಲಸಿನ ಮರಗಳು ದರಖಾಸ್ತಿನ ಮೊದಲೇ ಇದ್ದವೋ ನಿಮ್ಮ ತಂದೆ ನೆಟ್ಟವೋ ಎಂದು ಮಂಜೂರಾತಿ ಕಡತದ ಮರಗಳ ಪಟ್ಟಿಯಿಂದ ತಿಳಿದುಕೊಂಡು, ನಿಮ್ಮವೇ ಎಂದಾದರೆ ನೀವೇ ಅರ್ಜಿ ಹಾಕಿ, ಅನುಮತಿ ಕೈಗೆ ಬಂದ ಮೇಲೆ ಮೂರು ಜನ ವ್ಯಾಪಾರಿಗಳನ್ನು ಕರೆದು ದರ ಕೇಳಿ. ಬೀಟೆ ಸರ್ಕಾರದ್ದೆಂದು ಕಡತ ಹೇಳಿದರೆ ಅದರ ಕೊಂಬೆಯನ್ನೂ ಮುಟ್ಟದೆ, ಅದರ ಇರುವಿಕೆಯನ್ನು ವಲಯ ಕಚೇರಿಗೆ ಬರೆದು ತಿಳಿಸಿ ಸ್ವೀಕೃತಿ ಇಟ್ಟುಕೊಳ್ಳಿ. ನಾಳೆ ಯಾರಾದರೂ ರಾತ್ರೋರಾತ್ರಿ ಅದನ್ನು ಉರುಳಿಸಿಕೊಂಡು ಹೋದರೆ ನಿಮ್ಮ ಕೈಯಲ್ಲಿ ಉಳಿಯುವುದು ಆ ಒಂದು ಹಾಳೆ.

ಮುಂಗಾರಿಗೆ ಮೊದಲು ಪೌತಿ ಖಾತೆ, ಸರ್ವೆ ನಂಬರಿನ ವಿಚಾರಣೆ ಮತ್ತು ಹದ್ದುಬಸ್ತು ಮುಗಿದರೆ ಜೂನ್‌ನಲ್ಲಿ ಬದುವಿನ ಸಿಲ್ವರ್ ಓಕ್ ಮತ್ತು ತೇಗವನ್ನು ಹಿಡುವಳಿಯ ಮೂರು ಎಕರೆಯಲ್ಲಿ ನಿಶ್ಚಿಂತೆಯಿಂದ ಹಾಕಬಹುದು. ದರಖಾಸ್ತಿನ ಎರಡು ಎಕರೆಯಲ್ಲಿ ಉತ್ತರ ಬರುವವರೆಗೆ ರಾಗಿಯೇ ಇರಲಿ.